ಬಿಚ್ಚಿ ಹೊಲಿದ ಎಡತೋಳು

ಟೈಲರ್ ಎಡಗೈಯ ಹಿಡಿತ ತಪ್ಪಿ ಅಂಗಿಗಳ ಎಡತೋಳನ್ನು ಓರೆಯಾಗಿ ಹೊಲಿಯತೊಡಗಿದ್ದು ಯಾವ ಗಿರಾಕಿಗೂ ಗೊತ್ತಾಗಲಿಲ್ಲ. ಗುಂಡಿಗೆ ಕಾಜಾ ಹಾಕುವ ಅವನ ಹೆಂಡತಿ ಅಷ್ಟು ಜಾಣೆ. ಅವನು ಊಟಕ್ಕೆ ಎದ್ದರೆ ಸಾಕು, ತೋಳು ಬಿಚ್ಚಿ ಮತ್ತೆ ಹೊಲಿದು, ಏನೂ ಆಗದವಳಂತೆ ಇಸ್ತ್ರಿ ಹಾಕುತ್ತಿದ್ದಳು. ಗಂಡನ ಕೈಗೆ ಹೆಸರಿತ್ತು, ಅದು ಕೆಡಬಾರದು. ಅವನ ಬೆಳಗಿನ ತಲೆನೋವಿಗೆ ಕನ್ನಡಕ ಬದಲಾಯಿತು, ವಾಂತಿಗೆ ಪಿತ್ತ ಎಂದದ್ದಾಯಿತು. ಕೊನೆಗೊಂದು ದಿನ ಅವನು ಫಿಟ್ಸಿನ ಸೆಳೆತ ಬಂದು ಮಷಿನ್ ಪಕ್ಕದಲ್ಲೇ ಬಿದ್ದ.

ಸ್ಕ್ಯಾನಿನಲ್ಲಿ ಮೆದುಳಿನ ಕ್ಯಾನ್ಸರ್ ಕಂಡಿತು. ಆಪರೇಷನ್ನಿನ ಹಿಂದಿನ ದಿನ ಅದೇ ಆಸ್ಪತ್ರೆಯ ನರ್ಸ್, ಅವರ ಪಕ್ಕದ ಮನೆಯವಳು, ಮಂಚದ ಬಳಿ ಬಂದು ಕುಳಿತಳು.

"ಭಾವಾ, ನಾಳೆ ತೆಗೆಯೋ ಗಡ್ಡೇಲಿ ಪರೀಕ್ಷೆಗೆ ಹೋಗಿ ಉಳಿದ ಚೂರನ್ನ ಸಂಶೋಧನೆಗೆ ಕೊಡ್ತೀರಾ? ಬೇಡ ಅಂದ್ರೂ ನಿಮ್ಮ ಚಿಕಿತ್ಸೆಗೆ ಏನೂ ತೊಂದ್ರೆ ಇಲ್ಲ."

ಹೆಂಡತಿ ಸಿಡುಕಿದಳು. "ಆ ದರಿದ್ರದ್ದನ್ನ ಇಟ್ಕೊಂಡು ಏನ್ ಮಾಡ್ತಾರೆ? ಸುಟ್ಟು ಹಾಕಿ."

"ಕೇಳಿ ಅಕ್ಕಾ. ನೀವು ಪೇಪರ್ ಅಳತೆ ಇಟ್ಟು ತೋಳು ಕತ್ತರಿಸ್ತೀರಲ್ಲ, ಜೀವಕೋಶದಲ್ಲೂ ಏನು ತಯಾರಿಸ್ಬೇಕು ಅನ್ನೋ ಅಂಥ ಅಳತೆಯ ನಕಲು ಇರುತ್ತೆ. ಮೈಕ್ರೋ ಆರ್‌ಎನ್‌ಎ ಅನ್ನೋ ಪುಟಾಣಿ ಅಣು ಆ ಪೇಪರ್‌ಗೆ ಅಂಟ್ಕೊಂಡು 'ಸಾಕು, ನಿಲ್ಸು' ಅನ್ನುತ್ತೆ. ಈ ಕ್ಯಾನ್ಸರಲ್ಲಿ ಹಾಗೆ ತಡೆಯೋ ಕೆಲವು ಅಣು ಕಡಿಮೆ ಆಗಿರ್ತವೆ. ಅವನ್ನ ಮತ್ತೆ ಒಳಗೆ ಕಳಿಸಿದ್ರೆ ಗಡ್ಡೆ ಬೆಳೆಯೋದು ನಿಲ್ಲುತ್ತಾ ಅಂತ ನೋಡ್ತಿದಾರೆ."

ಅವಳ ಮುಖ ಅರಳಿತು. "ಹಂಗಾದ್ರೆ ಇವರಿಗೇ ಕೊಟ್ಬಿಡಿ!"

"ಇಲ್ಲಕ್ಕಾ, ಇನ್ನೂ ಪ್ರಯೋಗದಲ್ಲಿದೆ. ಮೆದುಳಿಗೆ ಮುಟ್ಟಿಸೋದೇ ಕಷ್ಟ. ಭಾವನಿಗೆ ಈಗ ಆಪರೇಷನ್, ರೇಡಿಯೇಷನ್, ಮಾತ್ರೆ. ಸುಳ್ಳು ಹೇಳಲಾರೆ."

ಹೆಂಡತಿಯ ದುಃಖದ ಕಟ್ಟೆ ಒಡೆಯಿತು. "ತೋಳೆಲ್ಲ ಬಿಚ್ಚಿ ಹೊಲಿದು ನಾನೇ ಮುಚ್ಚಿಟ್ಟೆ ಕಣೇ. ಮೊದಲೇ ಬಂದಿದ್ರೆ?"

"ಪೂರ್ತಿ ವಾಸಿ ಆಗ್ತಿತ್ತು ಅಂತ ಯಾರೂ ಹೇಳೋಕಾಗಲ್ಲ. ಗಡ್ಡೆ ಇಷ್ಟು ದೊಡ್ಡದಿರ್ತಿರಲಿಲ್ಲವೇನೋ."

ಕಣ್ಣು ಮುಚ್ಚಿ ಕೇಳುತ್ತಿದ್ದ ಟೈಲರ್ ಕಣ್ಣು ಬಿಟ್ಟ. "ನೀನು ಬಿಚ್ಚೋದು ನಂಗೆ ಗೊತ್ತಿತ್ತು ಕಣೇ. ನನ್ನ ಹೊಲಿಗೆ ನಂಗೆ ಗೊತ್ತಾಗಲ್ವಾ? ಹೆದರಿಕೆ ಆಗಿ ನಾನೂ ಬಾಯಿ ಬಿಡಲಿಲ್ಲ." ಆಮೇಲೆ ನರ್ಸ್ ಕಡೆ ತಿರುಗಿದ. "ಆ ಚೂರು ತಗೊಳ್ಳಿ. ನನ್ನದೊಂದು ತುಂಡನ್ನಾದ್ರೂ ಮುಚ್ಚಿಡದೆ ಎಲ್ಲರೂ ನೋಡ್ಲಿ."

ಹೆಂಡತಿ ಅವನ ಕೈ ಹಿಡಿದು ಹೂಂ ಎಂದಳು. ಮುಂದಿನ ಮಳೆಗಾಲದ ಹೊತ್ತಿಗೆ ಅವನಿರಲಿಲ್ಲ, ಅಂಗಡಿಗೆ ಅವಳೊಬ್ಬಳೇ ಬರುತ್ತಿದ್ದಳು.

ಕೇಳುತ್ತಿರುವ ಅಕ್ಕ-ಅಣ್ಣಂದಿರೇ, ಬೆಳಗಿನ ತಲೆನೋವು, ವಾಂತಿ ಬಿಡದೆ ಕಾಡಿದರೆ, ಒಂದು ಕೈ ಸ್ವಾಧೀನ ತಪ್ಪಿದರೆ, ಸೆಳೆತ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಆರ್‌ಎನ್‌ಎ ಔಷಧಿ ಎಂದು ಯಾರಾದರೂ ಶೀಶೆ ಮಾರಿದರೆ ಕೊಳ್ಳಬೇಡಿ. ಸಂಶೋಧನೆಗೆ ಕೇಳಿದರೆ ಎಲ್ಲ ವಿಚಾರಿಸಿ, ಮನಸ್ಸು ಒಪ್ಪಿದರೆ ಕೊಡಿ. ಮನೆಯವರ ಕೈ ತಪ್ಪಿದಾಗ ಬಿಚ್ಚಿ ಹೊಲಿಯಬೇಡಿ. ಮೊದಲು ಪಕ್ಕದಲ್ಲಿ ಕುಳಿತು ಕೇಳಿ: "ಏನಾಗ್ತಿದೆ ನಿಮಗೆ?"