ನೆರೀನಾಳ ಗಂಟೆ

ಇಟಲಿಯ ಬೆಟ್ಟದೂರು ಬೋರ್ಮಿಯೊದಲ್ಲಿ ಒಲಿಂಪಿಕ್ಸ್ ಸ್ಕೀ ಪಂದ್ಯ. ಊರವರೆಲ್ಲ ಹಸುವಿನ ಗಂಟೆ ಬಾರಿಸಿ ಹುರಿದುಂಬಿಸುತ್ತಿದ್ದರೆ, ಎರ್ಮೆತೆ ಮಾತ್ರ ನೆರೆಮನೆಯ ಬಸಿಲಿಯೊನ ಕೈಚೀಲದ ಮೇಲೇ ಕಣ್ಣಿಟ್ಟಿದ್ದ. ತನ್ನ ಸತ್ತ ಹಸು ನೆರೀನಾಳ ಗಂಟೆ ಕೊಟ್ಟಿಗೆಯಿಂದ ಮಾಯವಾಗಿ ಎರಡು ವರ್ಷವಾಗಿತ್ತು. ಇವನೇ ಕದ್ದಿರಬೇಕೆಂದು ಅಂದಿನಿಂದ ಎರ್ಮೆತೆ ಬಸಿಲಿಯೊನೊಡನೆ ಮಾತು ಬಿಟ್ಟಿದ್ದ.

ಇದ್ದಕ್ಕಿದ್ದಂತೆ ಆ ಗದ್ದಲದಲ್ಲಿ ನೆರೀನಾಳ ಗಂಟೆಯ ಒಡಕು ದನಿ ಕೇಳಿತು.

"ಸಿಕ್ಕಿಬಿದ್ಯಲ್ಲೋ ಕಳ್ಳ! ತೆಗಿ ಹೊರಗೆ!" ಎಂದು ಬಸಿಲಿಯೊನ ಚೀಲಕ್ಕೆ ಕೈಹಾಕಿ ಎಳೆದ. ಬ್ರೆಡ್ಡು, ಚೀಸು ಹಿಮದ ಮೇಲೆ ಉದುರಿದವು. ಗಂಟೆ ಮಾತ್ರ ಹಿಂದಿನ ಸಾಲಿನಲ್ಲಿ ಮೊಳಗುತ್ತಲೇ ಇತ್ತು, ಚರ್ಚಿಗೆಂದು ಹೇಳಿ ಹೊರಟಿದ್ದ ಎರ್ಮೆತೆಯದೇ ಹೆಂಡತಿ ನೀವೆಸಳ ಕೈಯಲ್ಲಿ.

"ನೀನಾ? ಊರೋರನ್ನೆಲ್ಲಾ ಕೇಳಿದ್ನಲ್ಲೇ!"

"ನನ್ನನ್ನ ಕೇಳಿದ್ರಾ? ಸರೀರಿ ಆ ಕಡೆ, ಪಂದ್ಯ ಕಾಣ್ತಿಲ್ಲ."