ಹಲ್ಲಿನ ಡಾಕ್ಟರು ಕಾಸಿದ ಸೇಬಿನ ರಸ

ಚಳಿ ಜೋರಾದಾಗ ಅಕ್ಕತಂಗಿಯರ ಸಂಸಾರಗಳೆಲ್ಲ ದೊಡ್ಡಕ್ಕನ ಮೂರನೇ ಮಹಡಿಯ ಮನೆಯಲ್ಲಿ ಸೇರುತ್ತಿದ್ದವು. ದೊಡ್ಡಕ್ಕ ಸೇಬಿನ ರಸಕ್ಕೆ ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ ಹಾಕಿ ಹದವಾಗಿ ಕಾಸಿ ಕೊಡುತ್ತಿದ್ದಳು. ಕುಡಿದವರು ಇನ್ನೊಂದು ಲೋಟ ಕೇಳುತ್ತಿದ್ದರು. ಅದನ್ನು ಕಂಡು ಹೊಟ್ಟೆ ಉರಿಯುತ್ತಿದ್ದುದು ಒಬ್ಬರಿಗೇ: ಕಿರಿಯವಳ ಗಂಡನಿಗೆ. ಅವರು ಹಲ್ಲಿನ ಡಾಕ್ಟರು.

ಡಾಕ್ಟರಿಗೆ ತಿಳಿಯದ್ದು ಎಂಬುದೇ ಇರಲಿಲ್ಲ. ರೋಗಿಗಳ ಬಾಯಿಗೆ ಹತ್ತಿ ತುರುಕಿ ಮಾತಾಡಿ ಅಭ್ಯಾಸವಾದ್ದರಿಂದ, ಎದುರಿನವರಿಗೂ ನಾಲಿಗೆ ಇದೆಯೆಂಬುದು ಅವರಿಗೆ ಮರೆತೇ ಹೋಗಿತ್ತು. ಮನೆಯಲ್ಲಿ ಕಿರಿಯವಳ ಮಾತು ಅರ್ಧಕ್ಕಿಂತ ಮುಂದೆ ಹೋದದ್ದೇ ಇಲ್ಲ.

ಒಂದು ಸಲ ಅವರು ಬಂದವರೇ ಅಂಗಿಯ ತೋಳು ಮಡಚಿ ಒಲೆಯ ಮುಂದೆ ನಿಂತರು.

"ಅತ್ತಿಗೆ, ಇಷ್ಟು ವರ್ಷ ನೀವು ಕೊಟ್ಟಿದ್ದು ಬರೀ ಬಿಸಿನೀರು. ಲವಂಗ ಅಂದ್ರೇನು ಅಂತ ಇವತ್ತು ತೋರಿಸ್ತೀನಿ."

"ಜಾಸ್ತಿ ಹಾಕಿದ್ರೆ ಘಾಟಾಗುತ್ತೆ ಡಾಕ್ಟ್ರೇ."

"ಲವಂಗದ ವಿಷ್ಯ ನಂಗೇ ಹೇಳ್ತೀರಾ?"

ಡಬ್ಬಿಯಲ್ಲಿದ್ದ ಲವಂಗವೆಲ್ಲ ಪಾತ್ರೆಗೆ ಬಿತ್ತು. ಅದೂ ಸಾಲದೆಂದು, ಹಲ್ಲುನೋವಿಗೆ ಹಚ್ಚುವ ಲವಂಗದೆಣ್ಣೆಯ ಸೀಸೆಯನ್ನು ಜೇಬಿನಿಂದ ತೆಗೆದು ಬಗ್ಗಿಸಿಯೇಬಿಟ್ಟರು. ದಾಕ್ಷಿಣ್ಯಕ್ಕೆ ಬಸಿರಾದಂತೆ ಎಲ್ಲರೂ ಕಣ್ಣುಮುಚ್ಚಿ ಕುಡಿದರು. ಡಾಕ್ಟರು ಛಲಕ್ಕೆ ಬಿದ್ದು ಎರಡು ಲೋಟ ಇಳಿಸಿದರು. ಕಿರಿಯವಳು ಮಾತ್ರ ಮೂಸಿ ನೋಡಿ, ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ತೆನ್ನಾಗಿದೆ," ಎಂದ ದೊಡ್ಡಕ್ಕನ ಗಂಡ ಮರಗಟ್ಟಿದ ತನ್ನ ತುಟಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡ.

"ಇದ್ರ ರಹತ್ಯ ಏನಪ್ಪಾ ಅಂದ್ಲೆ..." ಎಂದು ಶುರುಮಾಡಿದ ಡಾಕ್ಟರ ನಾಲಿಗೆ ಅಲ್ಲಿಗೇ ಮಲಗಿತು. ಬಾಯಂಚಿನಿಂದ ಜೊಲ್ಲು ಇಳಿಯಿತು. ಮನೆ ಗಪ್‌ಚಿಪ್ಪಾಯಿತು.

ಕಿರಿಯವಳು ಸುತ್ತ ನೋಡಿದಳು. ಇಂಥ ಮೌನ ಮತ್ತೆ ಸಿಗುವಂಥದ್ದಲ್ಲ.

"ಒಂದು ವಿಷ್ಯ ಹೇಳ್ಬೇಕಿತ್ತು," ಎಂದಳು. "ದೊಡ್ಡಕ್ಕನೂ ನಾನೂ ಸೇರಿ ಹೊಲಿಗೆ ಅಂಗಡಿ ಹಾಕ್ತಿದ್ದೀವಿ. ಬಸ್ ನಿಲ್ದಾಣದ ಹಿಂದೆ ಮಳಿಗೆ ಸಿಕ್ಕಿದೆ. ಇನ್ಮೇಲೆ ಕ್ಲಿನಿಕ್ಕಿನ ಫೋನು ಎತ್ತೋಕೆ ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ."

ನಾಲಿಗೆ ಮರಗಟ್ಟಿ ಮಾತು ಬಾರದ ದೊಡ್ಡಕ್ಕ ಕುತ್ತಿಗೆ ಉಳುಕುವಷ್ಟು ತಲೆಯಾಡಿಸಿದಳು. ಡಾಕ್ಟರ ಕಣ್ಣು ಕೆಂಪಾಯಿತು, ಕೈ ಎದ್ದಿತು. ಬಾಯಿಂದ ಮಾತ್ರ ಹೂಂ ಎಂದರೋ ಊಹೂಂ ಎಂದರೋ ತಿಳಿಯದ ಸದ್ದೊಂದು ಹೊರಟಿತು. ಕಿರಿಯವಳು ನಿಲ್ಲಿಸಲಿಲ್ಲ. ಮಳಿಗೆಯ ಬಾಗಿಲು ಎತ್ತ ಕಡೆ, ಯಂತ್ರ ಎಲ್ಲಿಡುವುದು, ಮೊದಲು ಯಾರ ರವಿಕೆ ಹೊಲಿಯುವುದು ಎಂದು ತಡೆತಡೆದು ಹೇಳುತ್ತಾ ಹೋದವಳಿಗೆ, ತನ್ನ ಗಂಟಲು ಇಷ್ಟು ಗಟ್ಟಿಯಿದೆಯೇ ಎಂದು ತನಗೇ ಆಶ್ಚರ್ಯವಾಯಿತು.

ಊಟದ ಹೊತ್ತಿಗೆ ಡಾಕ್ಟರ ನಾಲಿಗೆ ಎಚ್ಚರಗೊಂಡಿತು. ಅವರು ಗಂಟಲು ಸರಿಪಡಿಸಿಕೊಂಡು ಎಲ್ಲರತ್ತ ತಿರುಗಿದರು.

"ನೋಡಿ, ಇವ್ಳಿಗೊಂದು ಅಂಗಡಿ ಹಾಕ್ಕೊಡೋಣ ಅಂತ ನಾನೇ ಯಾವತ್ತಿಂದಲೋ ಅಂದ್ಕೊಂಡಿದ್ದೆ."

"ಹೌದಾ?" ಎಂದಳು ಕಿರಿಯವಳು. "ಪಾತ್ರೆ ತಳ ಹಿಡಿದಿದೆ. ಅದನ್ನೂ ನೀವೇ ಉಜ್ಜಿಬಿಡಿ."