ಅಡಿವೆಪ್ಪ ಹೊತ್ತ ಸೀಸದ ಡಬ್ಬಿ

ನಾನೊಂದು ಸೀಸದ ಡಬ್ಬಿ. ನೋಡಲು ಉಪ್ಪಿನಕಾಯಿ ಭರಣಿಯಷ್ಟೇ ಇದ್ದೇನೆ, ಎತ್ತಲು ಹೋದವರ ಕೈ ಮಾತ್ರ ಜಗ್ಗುತ್ತದೆ. ಹುಬ್ಬಳ್ಳಿಯ ಒಂದು ಎರಕದ ಶೆಡ್ಡಿನಲ್ಲಿ, ಸತ್ತ ಲಾರಿ ಬ್ಯಾಟರಿಗಳ ಸೀಸ ಕರಗಿಸಿ ನನ್ನನ್ನು ಎರೆದರು. ದಪ್ಪ ಗೋಡೆ, ಬಿಗಿ ಮುಚ್ಚಳ, ಹೊಟ್ಟೆಯೊಳಗೆ ಒಂದು ಪುಟ್ಟ ಬಾಟಲಿ ಹಿಡಿಯುವಷ್ಟು ಜಾಗ. ಮೈಮೇಲೆ ಹಳದಿ ಚೀಟಿ ಅಂಟಿಸಿದ ದಿನವೇ ನನ್ನ ಹಣೆಬರಹ ನಿರ್ಧಾರವಾಯಿತು: ವಿಕಿರಣ, ದೂರವಿರಿ.

ಅಲ್ಲಿಂದ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಗೆ ಬಂದೆ. ಡಾಕ್ಟರ್ ಪದ್ಮಾವತಿ ಮುದ್ದೇಬಿಹಾಳ ಅಲ್ಲಿ ಹೊಸ ಔಷಧವೊಂದನ್ನು ತಯಾರಿಸುತ್ತಿದ್ದರು. ಜಠರದ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದರೆ, ಅದು ಬಲಿಯುವವರೆಗೆ ಹೆಚ್ಚಿನವರಿಗೆ ಸುಳಿವೇ ಸಿಗುವುದಿಲ್ಲವಂತೆ. ಈ ಔಷಧ ರಕ್ತದಲ್ಲಿ ಹರಿದು, ಗಡ್ಡೆಯನ್ನು ಹುಡುಕಿ ಅಂಟಿಕೊಂಡು, ಸ್ಕ್ಯಾನಿನ ಪರದೆಯ ಮೇಲೆ ಚುಕ್ಕಿಯಾಗಿ ಹೊಳೆಯಬೇಕು. ಅದರ ಕಿರಣಗಳನ್ನು ತಡೆಯುವುದು ನನ್ನ ಕೆಲಸ. ಕಾಪಾಡುವವನು ನಾನು, ಜನ ಹೆದರುವುದೂ ನನಗೇ. ಲಿಫ್ಟಿನಲ್ಲಿ ನನ್ನನ್ನು ಕಂಡವರು ಗೋಡೆಗೆ ಅಂಟಿಕೊಳ್ಳುತ್ತಿದ್ದರು.

ಹೆದರದವನು ಸ್ಕ್ಯಾನ್ ಯಂತ್ರ ನಡೆಸುವ ಟೆಕ್ನಿಷಿಯನ್ ಅಡಿವೆಪ್ಪ ಬಡಿಗೇರ ಒಬ್ಬನೇ. ಔಷಧದ ಕಸುವು ಗಳಿಗೆ ಗಳಿಗೆಗೂ ಇಳಿಯುವುದರಿಂದ ನನ್ನನ್ನೆತ್ತಿಕೊಂಡು ಓಡುತ್ತಲೇ ಇರುತ್ತಿದ್ದ. ದಸರೆಯ ಖಂಡೇಪೂಜೆಯ ದಿನ ಯಂತ್ರಕ್ಕೆ ಮಾಲೆ ಹಾಕಿ, ನನಗೂ ವಿಭೂತಿ ಬಳಿದು, ಅಜ್ಜಾ ಎಂದು ಕರೆಯುತ್ತಿದ್ದ. ನನಗದು ಇಷ್ಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಅವನೊಳಗೇ ಏನು ಬೆಳೆಯುತ್ತಿದೆಯೆಂದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ.

ಇಲಿಗಳಲ್ಲಿ ಔಷಧ ಗೆದ್ದಿತು. ಮನುಷ್ಯರ ಮೇಲೆ ನೋಡಲು ಅನುಮತಿಯೂ ಬಂತು. ರೋಗಿಗಳ ಚಿತ್ರದೊಂದಿಗೆ ಹೋಲಿಸಲು ಮೊದಲು ಆರೋಗ್ಯವಂತನೊಬ್ಬನ ಚಿತ್ರ ಬೇಕಿತ್ತು.

"ನಾ ಇದ್ದೇನಲ್ರಿ ಮೇಡಂ," ಎಂದ ಅಡಿವೆಪ್ಪ. "ಕಲ್ಲು ತಿಂದ್ರೂ ಕರಗಸೂ ಹೊಟ್ಟಿ ನಂದು."

ಅವನ ಔಷಧವನ್ನು ಅವನ ಬಳಿಗೆ ಒಯ್ದವನು ನಾನೇ. ಖಾಲಿಯಾದ ಮೇಲೆ ನನ್ನನ್ನು ಪರದೆಯ ಪಕ್ಕದ ಮೇಜಿನ ಮೇಲಿಟ್ಟರು. ಅಡಿವೆಪ್ಪ ಯಂತ್ರದೊಳಗೆ ಮಲಗಿದ. ಏನೂ ಹೊಳೆಯಬಾರದ ಜಾಗದಲ್ಲಿ ಒಂದು ಚುಕ್ಕಿ ಹೊಳೆಯಿತು, ಕಡಲೆಕಾಳಿನಷ್ಟು. ಮೇಡಂ ಅವರ ಕೈ ಕೀಲಿಮಣೆಯ ಮೇಲೇ ನಿಂತುಹೋಯಿತು.

ಒಳಗಿನಿಂದ ಮೈಕಿನಲ್ಲಿ ದನಿ ಬಂತು: "ಯಾಕ್ರಿ ಮೇಡಂ, ಸುಮ್ಮನಾದ್ರಿ?"

"ಅಲ್ಲಾಡಬ್ಯಾಡ್ರಿ," ಎಂದಷ್ಟೇ ಹೇಳಿದರು.

ಔಷಧ ತಪ್ಪು ತೋರಿಸಿರಬೇಕು, ಇಲ್ಲವೇ ಅಡಿವೆಪ್ಪನಿಗೆ ಗಡ್ಡೆಯಿರಬೇಕು. ಎಲ್ಲರೂ ಹೋದ ಮೇಲೆ ಮೇಡಂ ನನ್ನ ಮುಚ್ಚಳದ ಮೇಲೆ ಕೈಯಿಟ್ಟು ಕುಳಿತರು. "ನನ್ನ ದುಡಿಮಿ ಎಲ್ಲಾ ಮಣ್ಣಾಗ್ಲಿ, ಇದೊಂದು ಸುಳ್ಳಾಗ್ಲಿ," ಎಂದರು. ತನ್ನ ಕೆಲಸವೇ ಸೋಲಲೆಂದು ಬೇಡಿಕೊಳ್ಳುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾನೂ ಹಾಗೇ ಬೇಡಿಕೊಂಡೆ.

ಹೊಸದಾಗಿ ಔಷಧ ತಯಾರಿಸಿ ಮತ್ತೆ ನೋಡಿದರು. ಚುಕ್ಕಿ ಅಲ್ಲೇ ಇತ್ತು. ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರೇ ಎಂದು ಫೋನ್ ಬಂದಾಗ ನಾನು ಮೇಡಂ ಕೈಯಲ್ಲಿದ್ದೆ, ಪುಣ್ಯಕ್ಕೆ ಖಾಲಿ. ಜಾರಿ ಬಿದ್ದೆ, ಮುಚ್ಚಳದ ಅಂಚು ಸೊಟ್ಟಗಾಯಿತು. ಔಷಧ ಗೆದ್ದಿತೆಂದು ಮೇಲಿನವರು ಧಾರವಾಡದ ಪೇಢೆ ತಂದಿಟ್ಟರು. ಮೇಡಂ ಮುಟ್ಟಲಿಲ್ಲ, ಅದಕ್ಕೆ ಇರುವೆ ಮುತ್ತಿದವು.

ಮುಚ್ಚಳ ಕೂಡದ ಡಬ್ಬಿಯನ್ನು ಯಾರು ನಂಬುತ್ತಾರೆ? ನನ್ನ ಜಾಗಕ್ಕೆ ಹೊಸದು ಬಂತು. ಈಗ ನಾನು ಪರದೆ ಕೋಣೆಯ ಬಾಗಿಲು ಮುಚ್ಚದಂತೆ ಒತ್ತಿಕೊಂಡು ನೆಲದ ಮೇಲೆ ಕುಳಿತಿದ್ದೇನೆ.

ಅಡಿವೆಪ್ಪನ ಆಪರೇಷನ್ ಆಯಿತು. ಬೇಗ ಸಿಕ್ಕಿದ್ದಕ್ಕೆ ಉಳಿದ ಎಂದರು. ನಿನ್ನೆ ಬನ್ನಿ ಹಬ್ಬ. ಇವತ್ತು ಅವನು ಬಂದಿದ್ದಾನೆ, ಗೂಟಕ್ಕೆ ಅಂಗಿ ತೂಗುಹಾಕಿದಂತೆ ಸೊರಗಿದ್ದಾನೆ. ಗಡ್ಡೆ ಮರಳಿದೆಯೋ ಏನೋ ನೋಡಬೇಕಂತೆ. ಬಗ್ಗಿ ನನ್ನ ಮೇಲೊಂದು ಬನ್ನಿ ಎಲೆ ಇಟ್ಟ. ಮೇಡಂ ಕೈಗೂ ಕೊಟ್ಟು, "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ," ಎಂದು ಒಳಗೆ ಹೋಗಿ ಮಲಗಿದ.

ಮೊದಲ ಸಲ ಚುಕ್ಕಿ ಹೊಳೆದ ಅವತ್ತು, ಔಷಧವೇ ಸುಳ್ಳಿರಬಹುದು ಎಂದುಕೊಳ್ಳಲು ಮೇಡಂಗೆ ಒಂದು ದಾರಿಯಾದರೂ ಇತ್ತು. ಅದು ಸುಳ್ಳು ಹೇಳುವುದಿಲ್ಲವೆಂದು ಆಮೇಲೆ ಅವರೇ ಎಲ್ಲರಿಗೂ ತೋರಿಸಿಕೊಟ್ಟರು. ಕೆಳಗಿರುವ ನನಗೆ ಪರದೆ ಕಾಣುವುದಿಲ್ಲ. ಮೇಜಿನಡಿ ಅವರ ಕಾಲು ಕಾಣುತ್ತದೆ. ಕೀಲಿಮಣೆಯ ಸದ್ದು ನಿಂತಿದೆ.

"ಯಾಕ್ರಿ ಮೇಡಂ, ಸುಮ್ಮನಾದ್ರಿ?" ಎಂದು ಒಳಗಿನಿಂದ ಅಡಿವೆಪ್ಪ ಕೇಳುತ್ತಿದ್ದಾನೆ.